ಪಕ್ಕದ ತೋಟದಲ್ಲಿ ನೀರು ಬಿದ್ದರೆ ನಮಗೂ ಬೀಳುತ್ತಾ? ಬೋರ್ ಹಾಕಿಸುವ ಮುಂಚೆ ಲೆಕ್ಕ ಹಾಕುವ ಬಗೆ

ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಈ ಉಪಾಯ ಯಾಕೆ ನಡೆಯುತ್ತದೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಪಾತ್ರೆಯಲ್ಲಿರುವುದು ಒಂದೇ ಅಕ್ಕಿ, ಒಂದೇ ನೀರು, ಒಂದೇ ಉರಿ. ಕುದಿಯುವಾಗ ಅದೇ ಮೇಲೆ ಕೆಳಗೆ ತಿರುಗುತ್ತಲೂ ಇರುತ್ತದೆ. ಅದಕ್ಕೇ ಒಂದು ಅಗುಳು ಉಳಿದ ಅಗುಳುಗಳ ಪರವಾಗಿ ಮಾತಾಡಬಹುದು.

ಬೋರ್ ಹಾಕಿಸುವಾಗಲೂ ನಾವು ಇದೇ ಲೆಕ್ಕ ಹಾಕುತ್ತೇವೆ. "ಪಕ್ಕದ ತೋಟದ ಬೋರಿನಲ್ಲಿ ಮೂರಿಂಚು ನೀರು ಬಿದ್ದಿದೆ, ನಮಗೂ ಬೀಳುತ್ತೆ ಬಿಡು." ಆದರೆ ನೆಲದ ಕೆಳಗಿನ ಬಂಡೆಯನ್ನು ಯಾರೂ ಸೌಟು ಹಾಕಿ ತಿರುವಿಲ್ಲ.

ಹಾಗಂತ ಪಕ್ಕದವರ ಬೋರನ್ನು ನೋಡಲೇಬಾರದು ಅಂತ ನಾನು ಹೇಳುತ್ತಿಲ್ಲ. ನೆಲದ ಕೆಳಗೆ ಇಣುಕಿ ನೋಡಲು ನಮಗಿರುವ ಒಳ್ಳೆಯ ಕಿಂಡಿ ಅದೇ. ಯಾವ ವಿಷಯದಲ್ಲಿ ಅವರ ಜಾಗ ನಮ್ಮ ಜಾಗದ ಹಾಗಿದೆ, ಯಾವುದರಲ್ಲಿ ಇಲ್ಲ ಅಂತ ವಿಚಾರಿಸದೆ ಬೋರ್ ಕೊರೆಯುವ ಗಾಡಿ ಕರೆಸುವುದು ಮಾತ್ರ ತಪ್ಪು. ಮಧುಗಿರಿ ಕಡೆ ನಮ್ಮ ಚಿಕ್ಕಪ್ಪ ಆ ತಪ್ಪು ಮಾಡಿದ್ದರು. ಜೊತೆಗೆ ನಿಂತು ನಾನೂ ಮಾಡಿದ್ದೆ. ಆಮೇಲೆ ಕಲಿತದ್ದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಮೊದಲು, ನಿಮ್ಮ ನೆಲ ಯಾವ ಜಾತಿಯದು?

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ಮಂಡ್ಯ, ಮೈಸೂರು ಕಡೆ ಕೆಳಗಿರುವುದು ಹೆಚ್ಚಾಗಿ ಗಟ್ಟಿ ಕಲ್ಲು. ಮೇಲೆ ಮಣ್ಣು, ಅದರ ಕೆಳಗೆ ಗರಸು, ಆಮೇಲೆ ಬಂಡೆ. ನೀರು ಇರುವುದು ಎರಡೇ ಕಡೆ. ಒಂದು, ಶಿಥಿಲವಾದ ಗರಸಿನ ಪದರದಲ್ಲಿ. ಇನ್ನೊಂದು, ಬಂಡೆಯ ಬಿರುಕುಗಳಲ್ಲಿ. ಗಾಡಿಯವರು ಇದನ್ನೇ 'ಗ್ಯಾಪ್' ಅನ್ನುತ್ತಾರೆ, ನಮ್ಮ ಹಿರಿಯರು 'ಸೆಲೆ' ಅನ್ನುತ್ತಿದ್ದರು. ಬಂಡೆ ತಾನಾಗಿ ನೀರು ಹಿಡಿಯುವುದಿಲ್ಲ. ಆರೂವರೆ ಇಂಚಿನ ತೂತು ಒಂದು ಬಿರುಕಿಗೆ ತಾಗಿದರೆ ನೀರು, ನಾಲ್ಕು ಅಡಿ ಪಕ್ಕಕ್ಕೆ ಹೋದರೆ ಬರೀ ಬಿಳಿ ಪುಡಿ.

ಇಂಥ ನೆಲದಲ್ಲಿ ಪಕ್ಕದ ಬೋರು ಹೇಳುವ ಸಾಕ್ಷಿಗೆ ಬಲ ಕಡಿಮೆ. ನಮ್ಮ ಕಡೆ ಕೆಲವು ಜಮೀನುಗಳಲ್ಲಿ ಕರಿಕಲ್ಲಿನ ಪಟ್ಟಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಗೋಡೆ ಕಟ್ಟಿದ ಹಾಗೆ ಹಾದುಹೋಗಿರುತ್ತದೆ. ಅದು ನೆಲದೊಳಗಿನ ಒಡ್ಡು. ಮೇಲಿನಿಂದ ಇಳಿದು ಬರುವ ನೀರು ಅದರ ಒಂದು ಮಗ್ಗುಲಲ್ಲಿ ನಿಲ್ಲುತ್ತದೆ, ಇನ್ನೊಂದು ಮಗ್ಗುಲು ಒಣಗಿರುತ್ತದೆ. ನಿಮಗೂ ಪಕ್ಕದವರಿಗೂ ನಡುವೆ ಒಂದು ಬದು ಮಾತ್ರ ಇದೆ ಅಂದುಕೊಂಡಿರುತ್ತೀರಿ. ಅಡಿಯಲ್ಲಿ ಈ ಗೋಡೆಯೂ ಇರಬಹುದು.

ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕಪ್ಪು ಕಲ್ಲಿನ ಸೀಮೆಯಲ್ಲಿ ಕಥೆ ಸ್ವಲ್ಪ ಬೇರೆ. ಅಲ್ಲಿ ಲಾವಾ ಪದರದ ಮೇಲೆ ಪದರವಾಗಿ ಹರಡಿದೆ, ದೋಸೆ ಪೇರಿಸಿಟ್ಟ ಹಾಗೆ. ಎರಡು ಪದರದ ನಡುವೆ ನೀರು ಸಿಗುವ ಜಾಗ ಒಂದಷ್ಟು ದೂರ ಅಡ್ಡಕ್ಕೆ ಸಾಗುವುದುಂಟು. ಹಾಗಾಗಿ ಅಕ್ಕಪಕ್ಕದ ಬೋರುಗಳ ಆಳ ಹೋಲುವ ಸಂಭವ ಅಲ್ಲಿ ಹೆಚ್ಚು. ಕರಾವಳಿಯ ಮುರಕಲ್ಲಿನ ನೆಲದಲ್ಲಿ ತೆರೆದ ಬಾವಿಯ ಲೆಕ್ಕವೇ ಬೇರೆ. ಅದರ ಬಗ್ಗೆ ಅಲ್ಲಿಯವರೇ ಬರೆಯಬೇಕು. ನಾನು ಮುಂದೆ ಹೇಳುವುದೆಲ್ಲ ಗಟ್ಟಿ ಕಲ್ಲಿನ ಸೀಮೆಗೆ.

ಪಕ್ಕದವರನ್ನು ಏನು ಕೇಳಬೇಕು?

"ನೀರು ಹೆಂಗಿದೆ ಅಣ್ಣ?" ಅಂದರೆ "ಚೆನ್ನಾಗಿದೆ" ಅನ್ನುತ್ತಾರೆ. ಇದರಿಂದ ಏನೂ ತಿಳಿಯುವುದಿಲ್ಲ. ಒಂದು ನೋಟ್‌ಬುಕ್ ಹಿಡಿದು ಹೋಗಿ. ನಾನು ಬರೆದುಕೊಳ್ಳುವುದು ಇಷ್ಟು: ಬೋರ್ ಒಟ್ಟು ಎಷ್ಟು ಅಡಿ, ನೀರು ಸಿಕ್ಕಿದ್ದು ಎಷ್ಟನೇ ಅಡಿಗೆ, ಕೇಸಿಂಗ್ ಎಷ್ಟು ಇಳಿದಿದೆ, ಯಾವ ವರ್ಷ ಯಾವ ತಿಂಗಳಲ್ಲಿ ಹಾಕಿಸಿದ್ದು, ಮೊದಲ ದಿನ ಎಷ್ಟು ಬಂತು, ಹೋದ ಏಪ್ರಿಲ್‌ನಲ್ಲಿ ಎಷ್ಟು ಬರುತ್ತಿತ್ತು.

ಮೊದಲೆರಡು ಪ್ರಶ್ನೆ ಒಂದೇ ಅಲ್ಲ. 350ನೇ ಅಡಿಗೆ ನೀರು ಸಿಕ್ಕರೂ ನೀರು ನಿಲ್ಲಲಿ ಅಂತ ಇನ್ನೂ ನೂರಡಿ ಕೊರೆಸಿರುತ್ತಾರೆ. ಊರಲ್ಲಿ ಮಾತ್ರ "ಅವರದು 450 ಅಡಿ" ಅಂತ ಹೆಸರಾಗಿರುತ್ತದೆ. ನೀವು ಅದನ್ನು ಕೇಳಿ 450ರವರೆಗೆ ಆಸೆ ಇಟ್ಟುಕೊಂಡು ಕೂರುತ್ತೀರಿ. ಕೇಸಿಂಗ್ ಎಷ್ಟಿದೆ ಅನ್ನುವುದೂ ಮುಖ್ಯ. ಅದು ಗಟ್ಟಿ ಕಲ್ಲು ಸಿಗುವವರೆಗೆ ಇಳಿಸಿರುವ ಪೈಪು, ಅಂದರೆ ಗರಸು ಎಷ್ಟು ದಪ್ಪವಿದೆ ಅಂತ ಅದೇ ಹೇಳುತ್ತದೆ. ಅವರದು 90 ಅಡಿ ಕೇಸಿಂಗ್ ಇದ್ದು, ನಿಮ್ಮ ಜಮೀನಿನಲ್ಲಿ ಎಂಟು ಅಡಿಗೇ ಬಂಡೆ ಕಾಣುತ್ತಿದ್ದರೆ ಎರಡೂ ಬೇರೆ ಬೇರೆ ನೆಲ ಅಂತಲೇ ತಿಳಿಯಿರಿ.

ವರ್ಷದ ವಿಷಯಕ್ಕೆ ಬನ್ನಿ. 2022ರಲ್ಲಿ ದಕ್ಷಿಣ ಕರ್ನಾಟಕದಲ್ಲಿ ಭರ್ಜರಿ ಮಳೆ. ಕೆರೆಗಳು ಕೋಡಿ ಬಿದ್ದವು. ಆ ವರ್ಷದ ಕೊನೆಗೆ ಕೊರೆಸಿದವರೆಲ್ಲ ಮೀಸೆ ತಿರುವಿದರು. ಮರುವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಅದೇ ಬೋರು, ಅದೇ ಆಳ, ನೀರು ಮಾತ್ರ ಇಲ್ಲ. ಹಾಗಾಗಿ ಹೋಲಿಸಿ ನೋಡುವುದಾದರೆ ಕಳೆದ ಬೇಸಿಗೆಯ ನೀರನ್ನು ಹೋಲಿಸಿ, ಮೊದಲ ದಿನದ್ದನ್ನಲ್ಲ.

ಇದು ಇನ್ನೊಂದು ಕಡೆಗೂ ತಿರುಗುತ್ತದೆ. ಕೋಲಾರದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬರಲು ಶುರುವಾದ ಮೇಲೆ ಆ ಕೆರೆಗಳ ಸುತ್ತಮುತ್ತ ಅಂತರ್ಜಲ ಮೇಲೆ ಬಂತು. ಅಲ್ಲಿ 2015ರ ಫೇಲಾದ ಬೋರನ್ನು ತೋರಿಸಿ "ಇಲ್ಲಿ ನೀರಿಲ್ಲ" ಅಂದರೆ ಅದೂ ಹಳೇ ಲೆಕ್ಕ. ಕೆರೆ ತುಂಬಿದೆಯಾ, ಸುತ್ತ ಹೊಸ ಬೋರು ಎಷ್ಟಾಗಿವೆ, ಇದನ್ನೆಲ್ಲ ಸೇರಿಸಿ ನೋಡಬೇಕು.

ಇನ್ನೊಂದು ಮಾತು. ಹೋಲಿಕೆ ತುಂಬಾ ಚೆನ್ನಾಗಿ ಕೂಡಿಬಂದರೂ ಸಮಸ್ಯೆಯೇ. ನೀವು ಪಕ್ಕದವರ ಬೋರಿಗೆ ಅಂಟಿಕೊಂಡ ಹಾಗೆ ಪಾಯಿಂಟ್ (ಕೊರೆಯುವ ಜಾಗ) ಇಟ್ಟು, ಅವರದೇ ಆಳಕ್ಕೆ ನೀರು ಸಿಕ್ಕಿತು ಅನ್ನಿ. ಬಹುಶಃ ಅದು ಅವರದೇ ಸೆಲೆ. ಒಂದೇ ಲೋಟಕ್ಕೆ ಎರಡು ಸ್ಟ್ರಾ. ಬೇಸಿಗೆಯಲ್ಲಿ ಇಬ್ಬರ ಮೋಟರೂ ಗಾಳಿ ಉಗುಳುತ್ತವೆ, ಬದುವಿನ ಮೇಲೆ ಜಗಳವೂ ಬೆಳೆಯುತ್ತದೆ.

ಫೇಲಾದ ಬೋರುಗಳನ್ನು ಹುಡುಕಿಕೊಂಡು ಹೋಗಿ

ನೀರಿರುವ ಬೋರು ಸದ್ದು ಮಾಡುತ್ತದೆ. ಮೋಟರ್ ಗುಂಯ್ ಅನ್ನುತ್ತದೆ, ಪೈಪಿನಿಂದ ನೀರು ಧುಮುಕುತ್ತದೆ, ತೋಟ ಹಸಿರಾಗಿರುತ್ತದೆ. ಫೇಲಾದ ಬೋರಿನ ಮೇಲೆ ಒಂದು ಚಪ್ಪಡಿ ಕಲ್ಲು, ಸುತ್ತ ಲಂಟಾನ. ಅದಕ್ಕೇ ನಮ್ಮ ಕಣ್ಣಿಗೆ ಬೀಳುವುದೆಲ್ಲ ಗೆದ್ದವರೇ. ಸೋತವರು ಹೇಳಿಕೊಳ್ಳುವುದೂ ಇಲ್ಲ. ಮಗಳ ಮದುವೆಗೆ ಇಟ್ಟ ದುಡ್ಡು ಪುಡಿಯಾಗಿ ಹಾರಿಹೋದದ್ದನ್ನು ಯಾರು ತಾನೇ ಹೇಳಿಕೊಂಡು ತಿರುಗುತ್ತಾರೆ?

ಚಿಕ್ಕಪ್ಪ ನೋಡಿದ್ದು ಎರಡು ಬೋರು, ಎರಡರಲ್ಲೂ ನೀರಿತ್ತು. ಆಮೇಲೆ ನಾನು ಸುಮ್ನೆ ಒಂದು ಭಾನುವಾರ ಅರ್ಧ ಕಿಲೋಮೀಟರ್ ಸುತ್ತಿ ಎಣಿಸಿದೆ. ಒಟ್ಟು 11 ತೂತು ಸಿಕ್ಕವು. ನೀರಿದ್ದದ್ದು ನಾಲ್ಕರಲ್ಲಿ. ಎರಡಕ್ಕೆ ಎರಡು ಅಂದುಕೊಂಡದ್ದು ಹನ್ನೊಂದಕ್ಕೆ ನಾಲ್ಕಾಯಿತು. ಆ ಭಾನುವಾರ ಮೂರು ತಿಂಗಳು ಮುಂಚೆ ಬಂದಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಸುತ್ತುವಾಗ ಜಮೀನಿನವರ ಜೊತೆ ದನ ಮೇಯಿಸುವವರನ್ನೂ ಕೇಳಿ. ಯಾವ ಬೇಲಿಯ ಹಿಂದೆ ಯಾವ ತೂತಿದೆ ಅಂತ ಅವರಿಗೆ ಗೊತ್ತಿರುತ್ತದೆ. ಮೋಟರ್ ರಿಪೇರಿ ಮಾಡುವವರೂ ಒಳ್ಳೆಯ ಸಾಕ್ಷಿ. ಯಾವ ಬೋರಿನಲ್ಲಿ ಪ್ರತಿ ಬೇಸಿಗೆ ಇನ್ನೆರಡು ಪೈಪ್ ಇಳಿಸುತ್ತಿದ್ದಾರೆ ಅನ್ನುವುದು ಅವರ ನಾಲಿಗೆ ತುದಿಯಲ್ಲೇ ಇರುತ್ತದೆ.

'ಇಂಚು' ಅಂದರೆ ಎಷ್ಟು?

ಇಲ್ಲಿ ಎಂಥವರೂ ಎಡವುತ್ತಾರೆ. ಬೋರ್ ಕೊರೆದ ಮೇಲೆ ನೀರನ್ನು ಅಳೆಯಲು 'ವಿ' ಆಕಾರದ ಕಚ್ಚು ಇರುವ ತಗಡು ಇಡುತ್ತಾರೆ. ಆ ಕಚ್ಚಿನಲ್ಲಿ ನೀರು ಎಷ್ಟು ಇಂಚು ಎತ್ತರ ಹರಿಯುತ್ತದೋ ಅಷ್ಟು ಇಂಚು ನೀರು ಅಂತ ಲೆಕ್ಕ. ಎರಡಿಂಚು ಅಂದರೆ ಒಂದಿಂಚಿನ ಎರಡರಷ್ಟು ಅಂತ ನಾನೂ ಅಂದುಕೊಂಡಿದ್ದೆ. ಹಾಗಿಲ್ಲ. ನೀರು ಮೇಲೇರಿದಂತೆ ಕಚ್ಚಿನ ಅಗಲವೂ ಹೆಚ್ಚುತ್ತದೆ, ವೇಗವೂ ಹೆಚ್ಚುತ್ತದೆ. 90 ಡಿಗ್ರಿಯ ಕಚ್ಚಿನಲ್ಲಿ ಒಂದಿಂಚು ಅಂದರೆ ಗಂಟೆಗೆ ಸುಮಾರು 500 ಲೀಟರ್. ಎರಡಿಂಚು ಅಂದರೆ ಸುಮಾರು 2,900. ಮೂರಿಂಚು ಹತ್ತಿರ ಹತ್ತಿರ 8,000.

ಈಗ ಇದನ್ನು ಬೆಳೆಗೆ ತಾಳೆ ಹಾಕಿ. ಒಂಬತ್ತು ಅಡಿಗೊಂದರಂತೆ ಅಡಿಕೆ ನೆಟ್ಟರೆ ಎಕರೆಗೆ ಸುಮಾರು 540 ಗಿಡ. ಬೇಸಿಗೆಯಲ್ಲಿ ಡ್ರಿಪ್‌ನಲ್ಲಿ ಗಿಡಕ್ಕೆ ದಿನಕ್ಕೆ 20 ಲೀಟರ್ ಅಂದರೆ 10,800 ಲೀಟರ್ ಬೇಕು. ತ್ರೀಫೇಸ್ ಕರೆಂಟು ಏಳು ಗಂಟೆ ಇದ್ದರೆ ಒಂದಿಂಚಿನ ಬೋರು ಕೊಡುವುದು ಮೂರೂವರೆ ಸಾವಿರ ಲೀಟರ್. ಒಂದು ಎಕರೆಗೂ ಸಾಲದು. ಎರಡಿಂಚಾದರೆ 20 ಸಾವಿರ, ಒಂದೂ ಮುಕ್ಕಾಲು ಎಕರೆಗೆ ಸರಿಹೋಯಿತು. "ಒಂದಿಂಚು ಕಮ್ಮಿ ಆದ್ರೆ ಏನಂತೆ" ಅನ್ನುವ ಮಾತಿಗೆ ಎಷ್ಟು ಬೆಲೆ ಅಂತ ಈಗ ಗೊತ್ತಾಯಿತಲ್ವಾ?

ಕೆಲವರು ಪೈಪಿನ ಬಾಯಿ ನೋಡಿ ಇಂಚು ಹೇಳುತ್ತಾರೆ. ಅದು ಬೇರೆ ಇಂಚು. ಯಾರಾದರೂ "ಮೂರಿಂಚು" ಅಂದರೆ, ತಗಡಿಟ್ಟು ಅಳೆದದ್ದಾ, ಕಣ್ಣಳತೆಯಾ ಅಂತ ಮೊದಲು ಕೇಳಿ. ನನ್ನ ಕೇಳಿದರೆ 200 ಲೀಟರಿನ ಡ್ರಮ್ ಎಷ್ಟು ನಿಮಿಷಕ್ಕೆ ತುಂಬುತ್ತದೆ ಅಂತ ನೋಡುವುದೇ ಸಲೀಸು. ಆ ಲೆಕ್ಕದಲ್ಲಿ ಯಾರೂ ಯಾರಿಗೂ ಟೋಪಿ ಹಾಕಲಾಗದು.

ಪಾಯಿಂಟ್ ಮಾಡಿಸುವುದು

ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನಡೆಯುವವರು, ಬೇವಿನ ಕವೆ ಹಿಡಿಯುವವರು ಪ್ರತಿ ಹೋಬಳಿಯಲ್ಲೂ ಇದ್ದಾರೆ. ಕಾಯಿ ಎದ್ದು ನಿಂತರೆ ನೀರು. ನನಗೆ ಇದರಲ್ಲಿ ನಂಬಿಕೆ ಇಲ್ಲ. ಜರ್ಮನಿಯ ಮ್ಯೂನಿಕ್‌ನಲ್ಲಿ 1987-88ರಲ್ಲಿ ಇಂಥವರನ್ನೇ ನೂರಾರು ಜನರನ್ನು ನೋಡಿ, ಅವರಲ್ಲಿ 43 ಜನರನ್ನು ಆರಿಸಿ, 843 ಸಲ ಪರೀಕ್ಷೆ ಮಾಡಿದರು. ಕೆಳಗಿನ ಅಂತಸ್ತಿನಲ್ಲಿ ನೀರಿನ ಪೈಪನ್ನು ಸರಿಸುತ್ತಿದ್ದರು, ಅದು ಎಲ್ಲಿದೆ ಅಂತ ಮೇಲಿನ ಅಂತಸ್ತಿನಲ್ಲಿದ್ದವರು ಹೇಳಬೇಕಿತ್ತು. ನಡೆಸಿದವರು ಕೆಲವರಿಗೆ ಶಕ್ತಿ ಇದೆ ಅಂದರು. ಬೇರೆಯವರು ಅದೇ ಅಂಕಿಗಳನ್ನು ಮತ್ತೆ ಕೂಡಿಸಿ ನೋಡಿ, ಇದು ಕುರುಡು ಊಹೆಗಿಂತ ಮೇಲೇನಿಲ್ಲ ಅಂದರು.

ಆದರೂ ನಮ್ಮ ಪಾಯಿಂಟ್ ಮಾಡುವವರಲ್ಲಿ ಕೆಲವರಿಗೆ ಮೂವತ್ತು ವರ್ಷದ ಅನುಭವ ಇರುತ್ತದೆ. ಹಳ್ಳದ ದಾರಿ, ಹುತ್ತ, ಅತ್ತಿಮರ, ತಗ್ಗು ಎಲ್ಲ ಅವರ ಕಣ್ಣಿಗೆ ಬೀಳುತ್ತದೆ. ಗೆದ್ದರೆ ಅದು ಕಾಯಿಯ ಮಹಿಮೆ ಅಂತ ಅವರೇ ನಂಬಿರುತ್ತಾರೆ. ಮನೆಯಲ್ಲಿ ಹಿರಿಯರು ಪಟ್ಟು ಹಿಡಿದರೆ ಜಗಳ ಬೇಡ, ಒಂದು ಕೆಲಸ ಮಾಡಿ. ಬೇರೆ ಬೇರೆ ದಿನ ಇಬ್ಬರನ್ನು ಕರೆಸಿ. ಮೊದಲನೆಯವರ ಗುರುತಿನ ಕಲ್ಲು ತೆಗೆದಿಟ್ಟು, ಜಾಗವನ್ನು ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ಎರಡನೆಯವರು ಅದೇ ಜಾಗ ತೋರಿಸುತ್ತಾರಾ ನೋಡಿ. ನಮ್ಮಲ್ಲಿ ಇಬ್ಬರು ತೋರಿಸಿದ ಜಾಗಗಳ ನಡುವೆ ಒಂದೂವರೆ ಎಕರೆ ಜಮೀನಿತ್ತು.

ಭೂವಿಜ್ಞಾನಿಯನ್ನು ಕರೆಸಿ ಮೀಟರ್ ಇಡಿಸುವುದು ಇದಕ್ಕಿಂತ ಎಷ್ಟೋ ವಾಸಿ. ನಾಲ್ಕು ಸರಳು ನೆಟ್ಟು, ಕರೆಂಟು ಹರಿಸಿ, ನೆಲ ಎಷ್ಟು ತಡೆಯುತ್ತದೆ ಅಂತ ಅಳೆಯುತ್ತಾರೆ. ಒಣ ಬಂಡೆ ಕರೆಂಟನ್ನು ತುಂಬಾ ತಡೆಯುತ್ತದೆ, ನೀರು ತುಂಬಿದ ಜಾಗ ಕಮ್ಮಿ ತಡೆಯುತ್ತದೆ. ಜೇಡಿಮಣ್ಣು, ಉಪ್ಪುನೀರು ಕೂಡ ಕಮ್ಮಿ ತಡೆಯುತ್ತವೆ ಅನ್ನುವುದು ನೆನಪಿರಲಿ. ಅಂದರೆ ಯಂತ್ರವೂ 'ಇದು ನೀರಿನ ಹಾಗಿದೆ' ಅಂತಷ್ಟೇ ಹೇಳುತ್ತದೆ. ಗರಸು ಎಷ್ಟು ಆಳ ಅನ್ನುವುದನ್ನು ಚೆನ್ನಾಗಿ ತಿಳಿಸುತ್ತದೆ. 700 ಅಡಿ ಕೆಳಗಿನ ಗೇಣುದ್ದದ ಬಿರುಕನ್ನು ತೋರಿಸುತ್ತೇನೆ ಅಂದರೆ ನಂಬಬೇಡಿ. "ಗ್ಯಾರಂಟಿ ನೀರು" ಅಂದವರಿಗೆ ಒಂದೇ ಪ್ರಶ್ನೆ ಕೇಳಿ: ಬರದಿದ್ದರೆ ಕೊರೆಸಿದ ದುಡ್ಡು ನೀವು ಕೊಡುತ್ತೀರಾ?

ಗಾಡಿ ಬರುವ ಮುಂಚೆ ಮಾಡಬಹುದಾದದ್ದು

ಹೊಸ ಬೋರಿನ ದುಡ್ಡು ಒಮ್ಮೆ ಹೋದರೆ ಹೋಯಿತು, ವಾಪಸ್ ಇಲ್ಲ. ಹಾಗಾಗಿ ಸೋತರೂ ಕಡಿಮೆ ಕಳೆದುಕೊಳ್ಳುವ ದಾರಿಗಳನ್ನು ಮೊದಲು ನೋಡಿ. ಹಳೇ ಬೋರು ಇದ್ದರೆ ಫ್ಲಶಿಂಗ್ ಮಾಡಿಸಿ, ಅಂದರೆ ಒಳಗಿನ ಹೂಳು ತೆಗೆಸಿ. ಹೂಳು ತುಂಬಿ ಸೆಲೆ ಮುಚ್ಚಿರಬಹುದು, ಮೋಟರ್ ನೀರಿನ ಮಟ್ಟಕ್ಕಿಂತ ಮೇಲೆಯೇ ನಿಂತಿರಬಹುದು. ಹಾಯಿ ನೀರು ಕೊಡುತ್ತಿದ್ದರೆ ಡ್ರಿಪ್‌ಗೆ ಬದಲಾಯಿಸಿದರೆ ಅದೇ ನೀರು ಜಾಸ್ತಿ ಜಾಗಕ್ಕೆ ಸಾಲುತ್ತದೆ. ಕೃಷಿಹೊಂಡ, ಬೋರಿನ ಸುತ್ತ ಇಂಗುಗುಂಡಿ, ಪಕ್ಕದವರಿಂದ ಒಂದು ಬೆಳೆಗೆ ನೀರು ಕೊಳ್ಳುವುದು, ಇವೆಲ್ಲ ಒಂದು ಮಳೆಗಾಲ ಕಾದು ನೋಡುವಂಥವು. ಸಣ್ಣ ಹಿಡುವಳಿಯವರು ಗಂಗಾ ಕಲ್ಯಾಣ ಯೋಜನೆಯಲ್ಲಿ ನಿಮ್ಮ ವರ್ಗದ ನಿಗಮದಿಂದ ಸಹಾಯ ಸಿಗುತ್ತದಾ ವಿಚಾರಿಸಿ.

ಕಾನೂನನ್ನೂ ಮರೆಯಬೇಡಿ. 2011ರ ಅಂತರ್ಜಲ ಕಾಯ್ದೆ ಪ್ರಕಾರ ಅಧಿಸೂಚಿತ (ಸರ್ಕಾರ ಪಟ್ಟಿ ಮಾಡಿರುವ) ತಾಲೂಕುಗಳಲ್ಲಿ ಅನುಮತಿ ಬೇಕು. ಊರಿನ ಕುಡಿಯುವ ನೀರಿನ ಬೋರಿನಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಕೊರೆಸುವಂತಿಲ್ಲ, ಅದಕ್ಕೆ 1999ರ ಬೇರೆ ಕಾಯ್ದೆಯೇ ಇದೆ. ಕೊರೆಯುವ 15 ದಿನ ಮುಂಚೆ ಸ್ಥಳೀಯ ಅಧಿಕಾರಿಗಳಿಗೆ ಬರಹದಲ್ಲಿ ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ.

ಎಲ್ಲಿ ನಿಲ್ಲಿಸಬೇಕು ಅಂತ ಮನೆಯಲ್ಲೇ ತೀರ್ಮಾನ ಮಾಡಿ

ಈ ಒಂದು ಹೆಜ್ಜೆಗಾಗಿಯೇ ನಾನು ಇಷ್ಟೆಲ್ಲ ಬರೆಯುತ್ತಿದ್ದೇನೆ.

ರಾತ್ರಿ ಎರಡು ಗಂಟೆ. ಕಂಪ್ರೆಸರ್ ಸದ್ದಿಗೆ ಕಿವಿ ಗುಂಯ್ ಅನ್ನುತ್ತಿತ್ತು. ತೋಟದ ಹುಣಸೆ ಎಲೆಗಳ ಮೇಲೆಲ್ಲ ಬಿಳಿ ಪುಡಿ, ನಮ್ಮ ತಲೆ ಮೇಲೂ. 500 ಅಡಿ ದಾಟಿತ್ತು, ಹನಿ ನೀರಿಲ್ಲ. ಚಿಕ್ಕಪ್ಪ ಬೊಗಸೆಯಲ್ಲಿ ಪುಡಿ ಹಿಡಿದು ಒದ್ದೆ ಇದೆಯಾ ಅಂತ ಹಿಸುಕಿ ಹಿಸುಕಿ ನೋಡುತ್ತಿದ್ದರು. ಗಾಡಿಯವನು ಬಂದು, "ಇನ್ನೊಂದು ನೂರಡಿ ನೋಡಾಣ ಅಣ್ಣ, ಇಲ್ಲಿವರೆಗೂ ಬಂದು ಬಿಟ್ಟುಹೋದ್ರೆ ಏನ್ ಚೆಂದ?" ಅಂದ. ಚಿಕ್ಕಪ್ಪ ನನ್ನ ಮುಖ ನೋಡಿದರು. ನಾನು "ನೋಡಿ ಚಿಕ್ಕಪ್ಪ, ನಿಮ್ಮಿಷ್ಟ" ಅಂದೆ. ಚಿಕ್ಕಮ್ಮ ಮನೆಯಿಂದ ಕಾಫಿ ತಂದವರು ಫ್ಲಾಸ್ಕ್ ಹಿಡಿದು ಸುಮ್ಮನೆ ನಿಂತಿದ್ದರು. ಅವರನ್ನು ಯಾರೂ ಕೇಳಲಿಲ್ಲ. 780 ಅಡಿಗೆ ನಿಲ್ಲಿಸಿದೆವು. ನೀರು ಬಂದದ್ದಕ್ಕೆ ನಿಲ್ಲಿಸಿದ್ದಲ್ಲ, ದುಡ್ಡು ಮುಗಿದಿತ್ತು.

ಆ ಹೊತ್ತಿನಲ್ಲಿ ಯಾರ ಬುದ್ಧಿಯೂ ನೆಟ್ಟಗಿರುವುದಿಲ್ಲ. ಹಾಕಿದ ದುಡ್ಡು ಎಳೆಯುತ್ತದೆ. ಬಂಡೆಗೆ ನಾವು ಎಷ್ಟು ಸುರಿದಿದ್ದೇವೆ ಅಂತ ಗೊತ್ತಿಲ್ಲ. 500 ಅಡಿ ಒಣಗಿತ್ತು ಅಂದ ಮಾತ್ರಕ್ಕೆ 510ರಲ್ಲಿ ನೀರು ಬರಲು ಅದಕ್ಕೇನೂ ಋಣವಿಲ್ಲ. ಗಟ್ಟಿ ಕಲ್ಲಿನಲ್ಲಿ ಆಳ ಹೋದಂತೆ ಬಿರುಕುಗಳು ವಿರಳವಾಗುತ್ತವೆ, ಭಾರಕ್ಕೆ ಬಿಗಿದುಕೊಳ್ಳುತ್ತವೆ. ಅಡಿಯ ರೇಟು ಮಾತ್ರ ಆಳಕ್ಕೆ ತಕ್ಕಂತೆ ಏರುತ್ತದೆ. ಸಿಗುವ ಸಂಭವ ಇಳಿಯುತ್ತಾ ಹೋಗುವಾಗ ಖರ್ಚು ಏರುತ್ತಿರುತ್ತದೆ.

ಕೋಲಾರದ ಕಡೆ ಸಾವಿರ ಅಡಿ ದಾಟಿಯೂ ನೀರು ಸಿಕ್ಕವರಿದ್ದಾರೆ, ಸುಳ್ಳಲ್ಲ. ಆದರೆ ಅದನ್ನು ನಿಮಗೆ ಹೇಳುವವರು, ಸಾವಿರ ಅಡಿಗೂ ಸಿಗದವರ ಲೆಕ್ಕ ಕೊಡುತ್ತಾರಾ?

ಹಾಗಾಗಿ ಒಂದು ಹಾಳೆಯಲ್ಲಿ ಬರೆಯಿರಿ. ಮೊದಲು, ಗರಿಷ್ಠ ಆಳ. ನಿಮ್ಮ ನೋಟ್‌ಬುಕ್ ತೆಗೆದು, ಸುತ್ತಲಿನವರಿಗೆ ನೀರು ಸಿಕ್ಕಿದ ಅಡಿಗಳನ್ನು ನೋಡಿ. ಹೆಚ್ಚಿನವರಿಗೆ 420ರೊಳಗೆ ಸಿಕ್ಕಿದ್ದರೆ ನಿಮ್ಮ ಗೆರೆ 450. ಅದರ ಕೆಳಗೆ ಏನಿದೆ ಅಂತ ನಿಮ್ಮ ಬಳಿ ಯಾವ ಸಾಕ್ಷಿಯೂ ಇಲ್ಲ. ಆಮೇಲೆ, ಗರಿಷ್ಠ ದುಡ್ಡು. ಇದಕ್ಕೆ ಒಂದೇ ಪರೀಕ್ಷೆ: ಬೋರ್ ಪೂರ್ತಿ ಫೇಲಾದರೂ ಮುಂದಿನ ಬೆಳೆಯ ಬೀಜ-ಗೊಬ್ಬರಕ್ಕೆ, ಮಕ್ಕಳ ಫೀಸಿಗೆ ದುಡ್ಡು ಉಳಿಯುತ್ತದೆಯಾ? ಒಡವೆ ಅಡ ಇಟ್ಟು, ಕೈಸಾಲ ಮಾಡಿ ಕೊರೆಸುವುದಾದರೆ ನೂರಕ್ಕೆ 70 ಸಂಭವ ಇದ್ದರೂ ನಾನು ಬೇಡ ಅನ್ನುತ್ತೇನೆ. ಉಳಿದ 30 ಬಂದರೆ ಮೇಲೇಳಲು ಆಗುವುದಿಲ್ಲ. ದುಡ್ಡಿರುವವನು ನೂರಕ್ಕೆ 40ಕ್ಕೂ ಕೈ ಹಾಕಬಹುದು. ಸಂಭವ ಇಬ್ಬರಿಗೂ ಒಂದೇ ಇದ್ದರೂ ತೀರ್ಮಾನ ಒಂದೇ ಆಗಬೇಕಿಲ್ಲ.

ಕೊನೆಗೆ, ನಿಲ್ಲಿಸು ಅನ್ನುವ ಅಧಿಕಾರ ಯಾರದು ಅಂತ ಬರೆಯಿರಿ. ಅವರು ಗಾಡಿ ಹತ್ತಿರ ಇರಬಾರದು. ನಮ್ಮ ಮನೆಯಲ್ಲಿ ಈಗ ಅದು ಚಿಕ್ಕಮ್ಮನ ಕೆಲಸ. ಗೆರೆ ದಾಟಬೇಕಾದರೆ ಅವರಿಗೆ ಫೋನ್ ಮಾಡಿ ಕಾರಣ ಹೇಳಬೇಕು. ಪುಡಿ ಒದ್ದೆಯಾಗುತ್ತಿದೆ, ಕಲ್ಲಿನ ಚೂರಿಗೆ ಕೆಂಪು-ಕಂದು ಬಣ್ಣ ಬಂದಿದೆ, ಇಂಥದ್ದೇನಾದರೂ ಕಂಡರೆ ಅದು ಕಾರಣ. ನೀರು ಓಡಾಡಿದ ಬಿರುಕಿನ ಕಲ್ಲು ಹಾಗೆ ಬಣ್ಣ ಬದಲಾಯಿಸಿರುತ್ತದೆ. "ಇಷ್ಟು ದೂರ ಬಂದಿದ್ದೇವೆ" ಅನ್ನುವುದು ಕಾರಣವಲ್ಲ.

ರಾಡುಗಳನ್ನು ನೀವೇ ಎಣಿಸಿ. ಸಾಮಾನ್ಯವಾಗಿ ಒಂದು ರಾಡು 20 ಅಡಿ, ಶುರು ಮಾಡುವ ಮುಂಚೆ ಟೇಪ್ ಹಿಡಿದು ನೋಡಿಕೊಳ್ಳಿ. ಒಂದೊಂದು ರಾಡು ಇಳಿದಾಗಲೂ ಬದುವಿನ ಮೇಲೆ ಒಂದು ಕಲ್ಲಿಡಿ. ನಿದ್ದೆಗಣ್ಣಿನಲ್ಲೂ ಲೆಕ್ಕ ತಪ್ಪುವುದಿಲ್ಲ.

ಎರಡನೇ ಬೋರಿನ ಆಸೆ

ಮೊದಲನೆಯದು ಫೇಲಾದ ತಕ್ಷಣ ಯಾರೋ ಒಬ್ಬರು ಲೆಕ್ಕ ಒಪ್ಪಿಸುತ್ತಾರೆ. "ಹತ್ತಕ್ಕೆ ನಾಲ್ಕು ಗೆಲ್ಲುತ್ತೆ ಅಂದ್ರೆ ಮೂರು ಹಾಕಿಸಿ, ಒಂದಾದರೂ ಸಿಕ್ಕೇ ಸಿಗುತ್ತೆ." ನಾಣ್ಯ ಚಿಮ್ಮಿದ ಹಾಗೆ ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಇದು ನಿಜ. ಹತ್ತಕ್ಕೆ ಆರು ಸೋಲು ಅನ್ನುವುದನ್ನು ಮೂರು ಸಲ ಗುಣಿಸಿದರೆ (0.6 × 0.6 × 0.6) ನೂರಕ್ಕೆ 22 ಮಾತ್ರ ಪೂರ್ತಿ ಸೋಲು, 78 ಸಲ ಒಂದಾದರೂ ಗೆಲುವು. ಕೇಳಲು ಹಿತವಾಗಿದೆ.

ಆದರೆ ಒಂದೇ ಜಮೀನಿನ ಬೋರುಗಳು ನಾಣ್ಯಕ್ಕಿಂತ ಮಾವಿನ ಬುಟ್ಟಿಗೆ ಹತ್ತಿರ. ಬುಟ್ಟಿಯಿಂದ ತೆಗೆದ ಮೊದಲ ಹಣ್ಣೇ ಕೊಳೆತಿದ್ದರೆ ಎರಡನೆಯದನ್ನು ಮೂಸಿ ನೋಡಿಯೇ ತೆಗೆದುಕೊಳ್ಳುತ್ತೇವೆ ಅಲ್ವಾ? ಮೊದಲ ಬೋರು ಒಣಗಿತ್ತು ಅಂದರೆ ಈ ತುಂಡು ಬಂಡೆಯಲ್ಲಿ ಬಿರುಕು ಕಡಿಮೆ ಅಂತ ಸುಳಿವು ಸಿಕ್ಕಿತು. ಎರಡನೆಯದರ ಸಂಭವ ಹತ್ತಕ್ಕೆ ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಎಷ್ಟು ಇಳಿಯಿತು ಅಂತ ಹೇಳಲಾಗದು, ಇಳಿದದ್ದಂತೂ ಹೌದು. ಅದೇ ಗಾಡಿ, ಅದೇ ರಾತ್ರಿ, ಐವತ್ತು ಅಡಿ ಪಕ್ಕಕ್ಕೆ ಅನ್ನುವುದನ್ನು ಒಪ್ಪಬೇಡಿ. "ವಾಪಸ್ ಬಂದರೆ ಬಾಡಿಗೆ ಬೇರೆ" ಅಂತ ಹೆದರಿಸಿದರೂ ಸರಿ. ಒಂದು ತಿಂಗಳು ಬಿಡಿ. ಮೊದಲ ಬೋರಿನಲ್ಲಿ ಯಾವ ಅಡಿಗೆ ಎಂಥ ಕಲ್ಲು ಬಂತು ಅಂತ ಬರೆದಿಟ್ಟಿದ್ದರೆ ಅದನ್ನು ಭೂವಿಜ್ಞಾನಿಗೆ ತೋರಿಸಿ. ದುಡ್ಡು ಹೋದರೂ ಆ ಮಾಹಿತಿ ನಿಮ್ಮದು.

ನೀರು ಬಂದರೆ

ಖುಷಿಪಡಿ, ಪೂಜೆ ಮಾಡಿ. ಆದರೆ ಅದೇ ವಾರ ಅಡಿಕೆ ಸಸಿಗೆ ಅಡ್ವಾನ್ಸ್ ಕೊಡಬೇಡಿ. ಕೊರೆದ ದಿನ ಚಿಮ್ಮುವುದು ಬಿರುಕಿನಲ್ಲಿ ಕೂಡಿಟ್ಟಿದ್ದ ನೀರು. ದಿನಾ ಎಷ್ಟು ಬರುತ್ತದೆ ಅನ್ನುವುದು ಬೇರೆ. ಮೋಟರ್ ಕೊಳ್ಳುವ ಮುಂಚೆ ಬಾಡಿಗೆ ಮೋಟರ್ ಇಳಿಸಿ ಒಂದಿಡೀ ದಿನ ಓಡಿಸಿ, ಗಂಟೆಗೊಮ್ಮೆ ಡ್ರಮ್ ತುಂಬುವ ಹೊತ್ತು ಬರೆದುಕೊಳ್ಳಿ. ಸಂಜೆಗೆ ಎಷ್ಟಿದೆಯೋ ಅದನ್ನೇ ಹಿಡಿಯಿರಿ. ಮೊದಲ ಬೇಸಿಗೆಗೆ ರಾಗಿ, ಟೊಮೆಟೊ, ಹೂವು, ಹೀಗೆ ಮೂರ್ನಾಲ್ಕು ತಿಂಗಳಲ್ಲಿ ಮುಗಿಯುವ ಬೆಳೆ ಸಾಕು. ಟೊಮೆಟೊ ಒಣಗಿದರೆ ಒಂದು ಬೆಳೆ ಹೋಯಿತು. ಐದನೇ ವರ್ಷದ ಅಡಿಕೆ ಒಣಗಿದರೆ ಐದು ವರ್ಷವೇ ಹೋಯಿತು.

ಕುಡಿಯಲೂ ಅದೇ ನೀರಾದರೆ ಫ್ಲೋರೈಡ್ ಪರೀಕ್ಷೆ ಮಾಡಿಸಿ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ಪಾವಗಡ, ಕೋಲಾರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೋಡಲು ಎಳನೀರಿನ ಹಾಗೆ ತಿಳಿಯಾಗಿರುತ್ತದೆ, ಹಲ್ಲು ಮೂಳೆ ತಿನ್ನುತ್ತದೆ. ಪಕ್ಕದವರ ರಿಪೋರ್ಟ್ ನೋಡಿ ಸುಮ್ಮನಾಗಬೇಡಿ. ಅವರ ಸೆಲೆ ಬೇರೆ, ನಿಮ್ಮದು ಬೇರೆ.

ಬರದಿದ್ದರೆ

ತೂತನ್ನು ಅವತ್ತೇ ಮುಚ್ಚಿ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಪುಟ್ಟ ಮಗುವೊಂದು ಕೊಳವೆಬಾವಿಗೆ ಬಿದ್ದು, ಸುಮಾರು 20 ಗಂಟೆ ಆದ ಮೇಲೆ ಪುಣ್ಯಕ್ಕೆ ಜೀವಂತ ಹೊರಬಂತು. ಎಲ್ಲ ಮಕ್ಕಳಿಗೂ ಆ ಪುಣ್ಯ ಇರುವುದಿಲ್ಲ. ಮುಚ್ಚದೆ ಬಿಟ್ಟವರಿಗೆ ಶಿಕ್ಷೆ ಆಗುವ ಹಾಗೆ ಆಮೇಲೆ ಅಂತರ್ಜಲ ಕಾಯ್ದೆಗೆ ತಿದ್ದುಪಡಿಯೂ ಬಂತು.

ಫೇಲಾದ ಬೋರಿನಿಂದ ಕೇಸಿಂಗ್ ಪೈಪನ್ನು ಕಿತ್ತು ಒಯ್ಯುವುದುಂಟು, ಇನ್ನೊಂದು ಕಡೆ ಆಗುತ್ತದೆ ಅಂತ. ಕಿತ್ತ ಮೇಲೆ ಬಾಯಿ ಕುಸಿದು ಅಗಲವಾಗುತ್ತದೆ, ಅದಕ್ಕೇ ಜಾಸ್ತಿ ಅಪಾಯ. ಮೇಲೆ ಚಪ್ಪಡಿ ಇಟ್ಟರೆ, ಗೋಣಿಚೀಲ ತುರುಕಿದರೆ ಮುಚ್ಚಿದ ಹಾಗಲ್ಲ. ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲು ತುಂಬಬೇಕು. ಇದರ ಖರ್ಚನ್ನೂ ಮೊದಲೇ ಬಜೆಟ್ಟಿನಲ್ಲಿ ಸೇರಿಸಿಡಿ. ಗಾಡಿ ಹೊರಡುವ ಹೊತ್ತಿಗೆ ಕೈ ಖಾಲಿಯಾಗಿ, ನಾಳೆ ನೋಡಾಣ ಅನ್ನಿಸುತ್ತದೆ. ಚಿಕ್ಕಪ್ಪನದನ್ನು ಮೂರನೇ ದಿನ ನಾವಿಬ್ಬರೂ ಸೇರಿ ತುಂಬಿದೆವು. ಮೊದಲ ಮಳೆಗೆ ಅದು ಎರಡು ಅಡಿ ಕುಸಿದಿತ್ತು. ನಿಮ್ಮದೂ ಕುಸಿಯುತ್ತದೆ. ಮಳೆ ನಿಂತ ಮೇಲೆ ಹೋಗಿ ಇನ್ನು ನಾಲ್ಕು ಬಾಂಡ್ಲಿ ಮಣ್ಣು ಹಾಕಿ, ತುಳಿದು ಬನ್ನಿ.